ಮೊಸಳೆ ಬೆನ್ನಿನ ಮತ್ತಿ

ಮೈಸೂರಿನಿಂದ ಊಟಿಗೆ ಹೊರಟವರು ಗುಂಡ್ಲುಪೇಟೆ ದಾಟಿ ಬಂಡೀಪುರದ ಕಾಡು ಹೊಕ್ಕೊಡನೆ ಕಿಟಕಿಯಾಚೆ ಕಣ್ಣು ನೆಡುತ್ತಾರೆ. ಆನೆ ಕಂಡೀತೇ, ಜಿಂಕೆಯಾದರೂ ಸಿಕ್ಕೀತೇ ಎಂಬ ಕಾತರ. ರಸ್ತೆಯ ಇಕ್ಕೆಲಗಳಲ್ಲಿ ನೆಟ್ಟಗೆ ನಿಂತ ಮರಗಳತ್ತ ನೋಡುವವರು ಕಡಿಮೆ. ಆ ಮರಗಳ ನಡುವೆ ಮತ್ತಿಯನ್ನು ಗುರುತಿಸುವುದು ಮಾತ್ರ ಬಲು ಸುಲಭ. ಕಪ್ಪು ಛಾಯೆಯ ದಪ್ಪ ತೊಗಟೆ ಉದ್ದಕ್ಕೂ ಅಡ್ಡಕ್ಕೂ ಆಳವಾಗಿ ಬಿರಿದು ಚೌಕ ಚೌಕವಾಗಿರುತ್ತದೆ. ದೂರದಿಂದ ನೋಡಿದರೆ ಮೊಸಳೆಯ ಬೆನ್ನು!

ಕರಿಮತ್ತಿ ಎಂದೂ ಕರೆಯುವ ಈ ಮರದ ವೈಜ್ಞಾನಿಕ ಹೆಸರು ಟರ್ಮಿನೇಲಿಯ ಎಲಿಪ್ಟಿಕ. ಲ್ಯಾಟಿನ್ನಿನಲ್ಲಿ 'ಟರ್ಮಿನಸ್' ಎಂದರೆ ಕೊನೆ. ಎಲೆಗಳು ರೆಂಬೆಯ ತುದಿಯಲ್ಲಿ ಗುಂಪುಗೂಡುವುದರಿಂದ ಈ ಕುಲಕ್ಕೆ ಆ ಹೆಸರು ಬಂದಿದೆ. ಹೊಳೆದಂಡೆಯ ಹೊಳೆಮತ್ತಿ, ತ್ರಿಫಲಾ ಚೂರ್ಣಕ್ಕೆ ಬೇಕಾದ ತಾರೆ ಮತ್ತು ಅಳಲೆ ಇದರ ದಾಯಾದಿಗಳು. ಅನುಕೂಲವಾದ ನೆಲದಲ್ಲಿ ಮತ್ತಿ 30 ಮೀಟರ್ ಎತ್ತರಕ್ಕೆ ಬೆಳೆಯುತ್ತದೆ. ಬುಡದ ಅಡ್ಡಳತೆ ಒಂದು ಮೀಟರ್ ಮುಟ್ಟುತ್ತದೆ. ಹೂಗಳು ಚಿಕ್ಕವು, ತೆನೆಯಂತೆ ಜೋಡಿಸಿದಂಥವು. ಕಾಯಿಗೆ ಐದು ರೆಕ್ಕೆಗಳು. ಬೇಸಿಗೆಯ ಗಾಳಿ ಅದನ್ನು ತಾಯಿಮರದಿಂದ ದೂರ ಒಯ್ಯುತ್ತದೆ.

ಗಟ್ಟಿಯಾದ ಕಂದು ಚೇಗಿನಿಂದಾಗಿ ಮತ್ತಿ ಮನೆಯ ತೊಲೆ, ಕಂಬಗಳಿಗೆ ಹೆಸರುವಾಸಿ. ರೈಲು ಹಳಿಗಳ ಅಡಿಗೂ ಇದರ ದಿಮ್ಮಿಗಳು ಹೋದದ್ದುಂಟು. ತೊಗಟೆಯಲ್ಲಿ ಟ್ಯಾನಿನ್ ಹೇರಳವಾಗಿದ್ದು ಚರ್ಮ ಹದಮಾಡಲು ಒದಗುತ್ತದೆ. ಮಧ್ಯ ಮತ್ತು ಪೂರ್ವ ಭಾರತದಲ್ಲಿ ಟಸರ್ ರೇಷ್ಮೆಹುಳುವಿಗೆ ಇದರ ಸೊಪ್ಪೂ ಮೇವು.

ಮಲೆನಾಡಿನಲ್ಲಿ ಮತ್ತಿಗೆ ಮಳೆಯ ಕೊರತೆಯಿಲ್ಲ. ಬಂಡೀಪುರದ ಮಾತೇ ಬೇರೆ. ಇದು ಪಶ್ಚಿಮಘಟ್ಟದ ಮಳೆನೆರಳಿನ ನಾಡು. ಮುಂಗಾರಿನ ಮೋಡಗಳು ಘಟ್ಟದ ಆಚೆಗೇ ಹೆಚ್ಚು ಸುರಿದುಬಿಡುತ್ತವೆ. ಫೆಬ್ರುವರಿಯ ಹೊತ್ತಿಗೆ ಹುಲ್ಲು ಒಣಗಿ, ಕೆರೆಗಳು ಬತ್ತತೊಡಗುತ್ತವೆ. ಹಾಗಾದರೆ ಇಷ್ಟು ಎತ್ತರದ ಮರ ಇಲ್ಲಿ ಬದುಕುವುದು ಹೇಗೆ?

ಮೊದಲ ಉಪಾಯ ಎಲೆ ಉದುರಿಸುವುದು. ಎಲೆಯ ಮೂಲಕವೇ ಮರದ ನೀರು ಆವಿಯಾಗಿ ಹೋಗುವುದರಿಂದ, ಎಲೆ ಉದುರಿದರೆ ಖರ್ಚು ನಿಂತಂತೆ. ಎರಡನೆಯದು ಇನ್ನೂ ಸೋಜಿಗದ್ದು. ಕೆಲವು ಮತ್ತಿ ಮರಗಳು ಕಡುಬೇಸಿಗೆಯಲ್ಲಿ ಕಾಂಡದೊಳಗೆ ನೀರು ತುಂಬಿಕೊಂಡಿರುತ್ತವೆ. ಕೊಡಗಿನ ಪೊನ್ನಂಪೇಟೆಯ ಅರಣ್ಯ ಕಾಲೇಜಿನ ತಂಡವೊಂದು ಬಂಡೀಪುರದಲ್ಲೇ ಇದನ್ನು ಅಧ್ಯಯನ ಮಾಡಿದೆ. ಎಲ್ಲ ಮತ್ತಿಗಳಲ್ಲೂ ನೀರಿರುವುದಿಲ್ಲ. ನೀರಿರುವ ಮರಗಳ ಪ್ರಮಾಣ ಕಾಡಿನ ಒಂದೊಂದು ಭಾಗದಲ್ಲಿ ಒಂದೊಂದು ರೀತಿ. ನೀರಿರುವ ಮರಗಳು ಸಾಮಾನ್ಯವಾಗಿ ದೊಡ್ಡವು ಎಂಬುದು ಆ ತಂಡ ಕಂಡುಕೊಂಡ ಸಂಗತಿ.

2024ರ ಮಾರ್ಚಿಯಲ್ಲಿ ಆಂಧ್ರಪ್ರದೇಶದ ಪಾಪಿಕೊಂಡ ರಾಷ್ಟ್ರೀಯ ಉದ್ಯಾನದಲ್ಲಿ ಅರಣ್ಯ ಅಧಿಕಾರಿಗಳು ಇಂಥ ಒಂದು ಮರದ ಕಾಂಡಕ್ಕೆ ಕಚ್ಚು ಹಾಕಿದಾಗ ನಲ್ಲಿ ತಿರುಗಿಸಿದಂತೆ ನೀರು ಚಿಮ್ಮಿತು. ಗುಟ್ಟು ಹೇಳಿಕೊಟ್ಟವರು ಅಲ್ಲಿನ ಕೊಂಡರೆಡ್ಡಿ ಬುಡಕಟ್ಟಿನ ಜನ. ಆ ಚಿತ್ರ ದೇಶದ ತುಂಬ ಸುತ್ತಾಡಿತು. ಆದರೆ ಮರ ನಲ್ಲಿಯಲ್ಲ. ಕಚ್ಚು ಹಾಕಿದ ಗಾಯದಿಂದ ಶಿಲೀಂಧ್ರ ಒಳಸೇರಿ ಚೇಗು ಕೊಳೆಯಬಹುದು. ಬೇಸಿಗೆಗೆಂದು ಕೂಡಿಟ್ಟದ್ದು ಕ್ಷಣದಲ್ಲಿ ನೆಲದ ಪಾಲು. ಕುತೂಹಲಕ್ಕಾಗಿ ಮಚ್ಚು ಎತ್ತುವುದು ಸಲ್ಲದು.

ಬರಗಾಲದಷ್ಟೇ ಕಠಿಣವಾದ ಇನ್ನೊಂದು ಪರೀಕ್ಷೆ ಬೆಂಕಿ. ಇಲ್ಲಿ ಆ ಮೊಸಳೆ ಬೆನ್ನು ಕೆಲಸಕ್ಕೆ ಬರುತ್ತದೆ. ದಪ್ಪ ತೊಗಟೆ ಶಾಖವನ್ನು ಸುಲಭವಾಗಿ ಒಳಕ್ಕೆ ಬಿಡದು. ಅದರ ಹಿಂದಿರುವ ತೆಳುವಾದ ಜೀವಕೋಶಗಳ ಪದರವೇ ಮರ ದಪ್ಪಗಾಗಲು ಕಾರಣ. ಅದು ಸುಡದೆ ಉಳಿದರೆ ಮರ ಉಳಿದಂತೆ. ನೆಲಮಟ್ಟದ ಬೆಂಕಿ ಬುಡವನ್ನು ಕಪ್ಪಾಗಿಸಿ ಹೋದರೂ ಮಳೆ ಬಿದ್ದೊಡನೆ ದೊಡ್ಡ ಮತ್ತಿ ಮತ್ತೆ ಚಿಗುರುತ್ತದೆ.

ಸಸಿಗೆ ಆ ಕವಚವಿಲ್ಲ. ತೊಗಟೆ ದಪ್ಪವಾಗಲು ವರ್ಷಗಳು ಬೇಕು. ಸುಟ್ಟ ಸಸಿ ಬೇರಿನಿಂದ ಮತ್ತೆ ಚಿಗುರೀತು, ನಿಜ. ಆದರೆ ಬೇಸಿಗೆಗೊಮ್ಮೆ ಬೆಂಕಿ ಬಿದ್ದರೆ ಅದು ಮೊಣಕಾಲೆತ್ತರ ದಾಟುವುದೆಂತು? 2019ರ ಫೆಬ್ರುವರಿಯಲ್ಲಿ ಗೋಪಾಲಸ್ವಾಮಿ ಬೆಟ್ಟದ ಸುತ್ತ ಸಾವಿರಾರು ಎಕರೆ ಕಾಡು ಉರಿದುಹೋಯಿತು. ಇದರ ಜತೆಗೆ ಹೊರನಾಡಿನಿಂದ ಬಂದ ಲಂಟಾನದ ಪೊದೆಗಳು ನೆಲ ಮುಚ್ಚಿ ಸಸಿಗಳಿಗೆ ಬೆಳಕು ತಪ್ಪಿಸುತ್ತವೆ. ಒಣಗಿದಾಗ ಬೆಂಕಿಗೆ ಸೌದೆಯಾಗುತ್ತವೆ.

ಹೀಗಾಗಿ ತಲೆಯೆತ್ತಿದರೆ ಕಾಣುವ ದೊಡ್ಡ ಮರಗಳಿಂದಲೇ ಕಾಡು ಸುಖವಾಗಿದೆ ಎಂದು ತೀರ್ಮಾನಿಸುವಂತಿಲ್ಲ. ಮುದಿ ಮತ್ತಿಯೊಂದು ಉರುಳಿದಾಗ ಅದರ ಜಾಗ ತುಂಬಲು ಬೆಳೆದು ನಿಂತ ಎಳೆಯ ಮರ ಇರಬೇಕು. ಬೇಸಿಗೆಗೆ ಮುಂಚೆ ಅರಣ್ಯ ಇಲಾಖೆ ಬೆಂಕಿ ರೇಖೆಗಳನ್ನು ಮಾಡುತ್ತದೆ, ಕಾವಲು ಹಾಕುತ್ತದೆ. ದಾರಿಹೋಕರು ಬೀಡಿ, ಸಿಗರೇಟಿನ ತುಂಡನ್ನು ಆರಿಸದೆ ಎಸೆದರೆ ಆ ಶ್ರಮವೆಲ್ಲ ವ್ಯರ್ಥ. ದೊಡ್ಡ ಮತ್ತಿ ತನ್ನ ನೀರನ್ನು ತಾನೇ ಕೂಡಿಟ್ಟುಕೊಳ್ಳುತ್ತದೆ, ತನ್ನ ಕವಚವನ್ನು ತಾನೇ ತೊಟ್ಟುಕೊಳ್ಳುತ್ತದೆ. ಅದರ ಬುಡದಲ್ಲಿ ಮೊಳೆತ ಸಸಿಗೆ ಸದ್ಯಕ್ಕೆ ಬೇಕಾದದ್ದು ಬೆಂಕಿಯಿಲ್ಲದ ನಾಲ್ಕಾರು ಬೇಸಿಗೆ.