ಗಡಿನಾಡಿನ ಕಾನೂನು ಪದವೀಧರರಿಗೆ ನೆಟ್ ಯಾಕೆ ಬೇಕು?

ಸೊಲ್ಲಾಪುರ: ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರದ ಹಳ್ಳಿಗಳಲ್ಲಿ ಮನೆಮಾತು ಕನ್ನಡ, ಕಚೇರಿಯ ಮಾತು ಮರಾಠಿ. ಇಲ್ಲಿ ಎಲ್‌ಎಲ್‌ಎಂ ಮುಗಿಸಿ ಕಾಲೇಜು ಉಪನ್ಯಾಸಕರಾಗಬೇಕು ಎನ್ನುವವರ ಮುಂದೆ ಮೊದಲು ನಿಲ್ಲುವ ಪ್ರಶ್ನೆ, "ಸೆಟ್ ಪಾಸಾದ್ರೆ ಸಾಕಲ್ವಾ, ನೆಟ್ ಯಾಕೆ?"

ಉತ್ತರ ಗಡಿಯಲ್ಲೇ ಇದೆ. 2002ರ ಜೂನ್ ನಂತರ ಪಾಸಾದ ಸೆಟ್ ಆಯಾ ರಾಜ್ಯಕ್ಕೆ ಮಾತ್ರ ಸೀಮಿತ. ಪುಣೆ ವಿಶ್ವವಿದ್ಯಾಲಯ ನಡೆಸುವ ಮಹಾರಾಷ್ಟ್ರ ಸೆಟ್ ಪಾಸಾದವರು ಸೊಲ್ಲಾಪುರದಲ್ಲಿ ಅರ್ಹರು, ಪಕ್ಕದ ಕಲಬುರಗಿಯಲ್ಲಿ ಅಲ್ಲ. ಕರ್ನಾಟಕದ ಕೆ-ಸೆಟ್‌ನದ್ದೂ ಇದೇ ಕಥೆ. ನೆಟ್ ಮಾತ್ರ ದೇಶದೆಲ್ಲೆಡೆ ನಡೆಯುತ್ತದೆ. ಕಾಸರಗೋಡಿನವರಿಗೂ ಇದು ಮುಖ್ಯ. ಕೇರಳದ ಸೆಟ್ ಇರುವುದು ಹೈಯರ್ ಸೆಕೆಂಡರಿ ಶಿಕ್ಷಕರಿಗೆ, ಕಾಲೇಜಿಗಲ್ಲ.

ಪರೀಕ್ಷೆ ಹೇಗೆ?

ಎನ್‌ಟಿಎ ವರ್ಷಕ್ಕೆ ಎರಡು ಬಾರಿ, ಜೂನ್ ಮತ್ತು ಡಿಸೆಂಬರ್ ಆವೃತ್ತಿಗಳಲ್ಲಿ, ನೆಟ್ ನಡೆಸುತ್ತದೆ. ಮೊದಲ ಪತ್ರಿಕೆ 50 ಪ್ರಶ್ನೆ, 100 ಅಂಕ. ಎರಡನೆಯದು ಕಾನೂನು, 100 ಪ್ರಶ್ನೆ, 200 ಅಂಕ. ಒಟ್ಟು ಸಮಯ ಮೂರು ಗಂಟೆ. ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ, ಹಾಗಾಗಿ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬಾರದು.

ಎಲ್‌ಎಲ್‌ಎಂನಲ್ಲಿ 55 ಶೇಕಡಾ ಅಂಕ ಬೇಕು, ಮೀಸಲಾತಿ ಇರುವವರಿಗೆ 50. ಅಂತಿಮ ವರ್ಷದವರೂ ಅರ್ಜಿ ಹಾಕಬಹುದು. ಒಬಿಸಿ ಮೀಸಲಾತಿ ಕೇಳುವವರು ಕೇಂದ್ರದ ಪಟ್ಟಿಯನ್ನೇ ನೋಡಬೇಕು, ರಾಜ್ಯದ ಪ್ರಮಾಣಪತ್ರ ನಡೆಯದು.

ಉಪನ್ಯಾಸಕ ಅರ್ಹತೆಗೆ ವಯೋಮಿತಿ ಇಲ್ಲ. ಜೆಆರ್‌ಎಫ್‌ಗೆ 30 ವರ್ಷ. ಎಲ್‌ಎಲ್‌ಎಂ ಆದವರಿಗೆ ಮೂರು ವರ್ಷ, ಮಹಿಳೆಯರಿಗೆ ಮತ್ತು ಮೀಸಲಾತಿ ವರ್ಗಗಳಿಗೆ ಐದು ವರ್ಷ ಸಡಿಲಿಕೆ ಇದೆ. ಎಲ್ಲ ಸೇರಿಸಿದರೂ ಐದು ವರ್ಷ ಮೀರುವಂತಿಲ್ಲ.

ಭಾಷೆಯೇ ತೊಡಕು

ಕಾನೂನು ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಕನ್ನಡ ಅಥವಾ ಮರಾಠಿ ಮಾಧ್ಯಮದಲ್ಲಿ ಓದಿ ಬಂದವರು ಎಡವುವುದು ಹೆಚ್ಚಾಗಿ ವಿಷಯದಲ್ಲಲ್ಲ, ಪದಗಳಲ್ಲಿ. ಮೊದಲ ದಿನದಿಂದಲೇ ಒಂದು ನೋಟ್‌ಬುಕ್‌ನಲ್ಲಿ ಇಂಗ್ಲಿಷ್ ಕಾನೂನು ಪದ, ಅದರ ಎದುರು ಕನ್ನಡ ಅರ್ಥ ಬರೆಯುತ್ತಾ ಹೋದರೆ ಈ ಭಯ ಕಡಿಮೆಯಾಗುತ್ತದೆ.

ಪಠ್ಯದಲ್ಲಿ ಹತ್ತು ಘಟಕಗಳಿವೆ. ನ್ಯಾಯಶಾಸ್ತ್ರ ಮತ್ತು ಸಂವಿಧಾನದಿಂದ ಶುರು ಮಾಡಿದರೆ ಉಳಿದವು ಸಲೀಸು. ಅಪರಾಧ ಕಾನೂನಿನಲ್ಲಿ 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯನ್ನು ಹಳೆಯ ಐಪಿಸಿ ಕಲಂಗಳ ಜೊತೆ ಹೋಲಿಸಿ ಓದಬೇಕು. ಕೌಟುಂಬಿಕ ಕಾನೂನಿನಲ್ಲಿ 1985ರ ಶಾಹ್ ಬಾನು, 2001ರ ಡ್ಯಾನಿಯಲ್ ಲತೀಫಿ, 2017ರ ಶಾಯರಾ ಬಾನು ತೀರ್ಪುಗಳನ್ನು ಒಂದೇ ಸಾಲಾಗಿ ಓದಿದರೆ ಮರೆಯುವುದಿಲ್ಲ. ಮೊದಲ ಪತ್ರಿಕೆಯನ್ನು "ಸಾಮಾನ್ಯ ಜ್ಞಾನ ತಾನೇ" ಎಂದು ಬಿಡುವವರೇ ಹೆಚ್ಚು ಅಂಕ ಕಳೆದುಕೊಳ್ಳುತ್ತಾರೆ.

ದುಡ್ಡಿನ ಲೆಕ್ಕ

ಸಂಶೋಧನೆಗೆ ಇಳಿಯುವ ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗಿದ್ದ ಮೌಲಾನಾ ಆಝಾದ್ ಫೆಲೋಶಿಪ್ ಅನ್ನು ಕೇಂದ್ರ ಸರಕಾರ 2022-23ರಿಂದ ನಿಲ್ಲಿಸಿದೆ. ಹೀಗಾಗಿ ಮನೆಯವರ ಕೈ ನೋಡದೆ ಪಿಎಚ್‌ಡಿ ಮಾಡಬೇಕೆಂದರೆ ಜೆಆರ್‌ಎಫ್ ದೊಡ್ಡ ಆಸರೆ. 2023ರ ಜನವರಿಯಿಂದ ಇದರ ಮೊತ್ತ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷಗಳ ಬಳಿಕ ಎಸ್‌ಆರ್‌ಎಫ್ ಆದರೆ 42,000.

ಜೆಆರ್‌ಎಫ್ ತಪ್ಪಿದರೂ ಶ್ರಮ ವ್ಯರ್ಥವಲ್ಲ. 2024ರ ಜೂನ್ ಆವೃತ್ತಿಯಿಂದ ನೆಟ್ ಅಂಕಗಳನ್ನು ಪಿಎಚ್‌ಡಿ ಪ್ರವೇಶಕ್ಕೂ ಒಂದು ವರ್ಷದವರೆಗೆ ಬಳಸಬಹುದು. ಒಂದೇ ಪರೀಕ್ಷೆ, ಮೂರು ಬಾಗಿಲು. ಗಡಿಯಲ್ಲಿ ಹುಟ್ಟಿದವರಿಗೆ ಎರಡೂ ರಾಜ್ಯಗಳಲ್ಲಿ ತೆರೆಯುವ ಬಾಗಿಲು.