ಉಸಿರಿನ ದಾರಿಯಲ್ಲಿ ವಿಷಾನಿಲ

ಬಚ್ಚಲು ತೊಳೆಯುವ ಕೆಲಸದಲ್ಲಿ ಪ್ರಾಣಾಪಾಯವಿದೆಯೆಂದರೆ ನೀವು ನಗಬಹುದು. ಹೋದ ಯುಗಾದಿಯ ಹಿಂದಿನ ದಿನದವರೆಗೆ ನಾನೂ ನಗುತ್ತಿದ್ದೆ. ಅಂದು ನಮ್ಮ ಮನೆಯವರು ಬಚ್ಚಲಿಗೆ ಬ್ಲೀಚಿಂಗ್ ಪುಡಿ ಎರಚಿ, ಕಲೆ ಬೇಗ ಹೋಗಲೆಂದು ಅದರ ಮೇಲೆಯೇ ಆಸಿಡ್ ಸುರಿದರು. ಘಾಟು ಎದ್ದಿತು, ಕೆಮ್ಮುತ್ತ ಹೊರಗೆ ಬಂದು ಕುಸಿದು ಕುಳಿತರು. ಅಲ್ಲಿ ಎದ್ದದ್ದು ಕ್ಲೋರಿನ್ ಅನಿಲ. 1915ನೆಯ ಏಪ್ರಿಲ್ 22ರಂದು ಬೆಲ್ಜಿಯಂ ದೇಶದ ಈಪ್ರ್ ಎಂಬಲ್ಲಿ ಜರ್ಮನ್ ಸೇನೆ ಶತ್ರುಗಳ ಕಂದಕಗಳತ್ತ ಹರಿಯಬಿಟ್ಟದ್ದೂ ಇದೇ ಅನಿಲವನ್ನೇ.

ಇಂಥ ಅನಿಲವು ಶ್ವಾಸಕೋಶದಲ್ಲಿ ಮಾಡುವ ಕೆಡುಕೇನು? ಮೊದಲು ಅದರ ರಚನೆಯನ್ನು ನೆನೆಯೋಣ. ಶ್ವಾಸನಾಳವು ಮರದಂತೆ ಕವಲೊಡೆಯುತ್ತ ಹೋಗಿ, ಕೊನೆಗೆ ದ್ರಾಕ್ಷಿಯ ಗೊಂಚಲಿನಂಥ ಸಣ್ಣ ಗಾಳಿಗೂಡುಗಳಲ್ಲಿ ಮುಗಿಯುತ್ತದೆ. ಇವುಗಳ ಸಂಖ್ಯೆ ಹಲವು ಕೋಟಿ. ಗೋಡೆ ಅತಿ ತೆಳುವಾದುದರಿಂದಲೇ ಆಮ್ಲಜನಕವು ರಕ್ತಕ್ಕೆ ದಾಟುತ್ತದೆ. ಆ ತೆಳುತನವೇ ಇಲ್ಲಿ ಅಪಾಯವಾಗುತ್ತದೆ. ಕ್ಲೋರಿನ್ ಒಳಗಿನ ತೇವದಲ್ಲಿ ಕರಗಿ, ಆಮ್ಲವಾಗಿ ಆ ಗೋಡೆಯನ್ನು ಸುಡುತ್ತದೆ. ರಕ್ತದ ನೀರಿನಂಶ ಗೂಡಿನೊಳಕ್ಕೆ ಒಸರುತ್ತದೆ. ಗಾಳಿಯಿರಬೇಕಾದಲ್ಲಿ ನೀರು ತುಂಬಿದರೆ, ನೆಲದ ಮೇಲಿದ್ದೇ ಮನುಷ್ಯನು ಮುಳುಗಿದಂತೆ!

ಎಲ್ಲ ಅನಿಲಗಳ ನಡತೆಯೂ ಒಂದೇ ಅಲ್ಲ. ಅಮೋನಿಯಾ ನೀರಿನಲ್ಲಿ ಬೇಗ ಕರಗುವುದರಿಂದ ಕಣ್ಣು, ಮೂಗು, ಗಂಟಲುಗಳನ್ನು ಒಡನೆಯೇ ಉರಿಸಿ ನಮ್ಮನ್ನು ಓಡಿಸುತ್ತದೆ. ಫಾಸ್‌ಜೀನ್ ಅಷ್ಟು ಸುಲಭವಾಗಿ ಕರಗದು. ಸದ್ದಿಲ್ಲದೆ ಗಾಳಿಗೂಡಿನವರೆಗೆ ಇಳಿದು, ಎಷ್ಟೋ ಗಂಟೆಗಳ ನಂತರ ತನ್ನ ಕೆಡುಕನ್ನು ತೋರುತ್ತದೆ. ಕ್ಲೋರಿನ್ ಇವೆರಡರ ನಡುವಿನದು. ಆದುದರಿಂದ “ಕೆಮ್ಮು ನಿಂತಿತಲ್ಲ, ಇನ್ನು ಡಾಕ್ಟರೇಕೆ?” ಎನ್ನುವುದು ಸಲ್ಲದು. ನಮ್ಮ ಮನೆಯವರೂ ಹಾಗೆಯೇ ಎಂದರು. ನಾನು ಕೇಳದೆ ಆಸ್ಪತ್ರೆಗೆ ಕರೆದೊಯ್ದೆ. ಸಂಜೆಯ ಹೊತ್ತಿಗೆ ಉಸಿರು ಮತ್ತೆ ಕಟ್ಟಿ, ರಾತ್ರಿಯೆಲ್ಲ ಆಮ್ಲಜನಕ ಕೊಡಬೇಕಾಯಿತು.

ಭೋಪಾಲದ ದುರಂತವನ್ನು ಯಾರು ಮರೆತಾರು? 1984ನೆಯ ಡಿಸೆಂಬರ್ 2ರ ನಡುರಾತ್ರಿ ಅಲ್ಲಿನ ಕೀಟನಾಶಕ ಕಾರ್ಖಾನೆಯ ತೊಟ್ಟಿಯೊಂದಕ್ಕೆ ನೀರು ಸೇರಿ, ಮೀಥೈಲ್ ಐಸೊಸಯನೇಟ್ ಕಾದುಕ್ಕಿ ಊರಿನ ಮೇಲೆ ಹರಡಿತು. ಗಾಳಿಗಿಂತ ಭಾರವಾದ ಆ ಅನಿಲ ನೆಲಕ್ಕಂಟಿಕೊಂಡೇ ಸಾಗಿತು. ಓಡುವವನು ಹೆಚ್ಚು ಉಸಿರಾಡುತ್ತಾನೆ. ಅನಿಲದ ನಡುವೆ ಓಡಿದವರು ವಿಷವನ್ನೂ ಹೆಚ್ಚಾಗಿ ಎಳೆದುಕೊಂಡರು. ಸಾವಿರಾರು ಮಂದಿ ಸತ್ತರು. ಬದುಕಿದವರಲ್ಲಿಯೂ ಅನೇಕರಿಗೆ ಏದುಸಿರು ವರ್ಷಗಟ್ಟಲೆ ಬಿಡಲಿಲ್ಲ. ಸುಟ್ಟ ಗಾಯ ಮಾಯ್ದಾಗ ಕಲೆಗಟ್ಟುವಂತೆ ಸಣ್ಣ ಶ್ವಾಸನಾಳಗಳೂ ಕಲೆಗಟ್ಟಿ ಕಿರಿದಾಗುವುದುಂಟು.

ಹಾಗಾದರೆ ನಾವು ಮಾಡಬೇಕಾದುದೇನು? ಬ್ಲೀಚಿಂಗ್ ಪುಡಿಯನ್ನು ಆಸಿಡ್ಡಿನೊಡನಾಗಲಿ ಅಮೋನಿಯಾದೊಡನಾಗಲಿ ಎಂದಿಗೂ ಬೆರೆಸಬಾರದು. ಘಾಟು ಎದ್ದರೆ ಕೂಡಲೇ ಬಯಲಿಗೆ ಬರಬೇಕು. ಬಕೆಟ್ಟು ತರಲೆಂದು ಮತ್ತೆ ಒಳಹೊಗಬಾರದು. ಬೀದಿಯಲ್ಲಿ ಕ್ಲೋರಿನ್ನಿನಂಥ ಭಾರವಾದ ಅನಿಲ ಸೋರಿದರೆ, ಬೀಸುವ ಗಾಳಿಗೆ ಅಡ್ಡಲಾಗಿ, ಎತ್ತರದ ಕಡೆಗೆ ಸಾಗಬೇಕು. ಕಣ್ಣು ಉರಿದರೆ ಹದಿನೈದು ನಿಮಿಷ ತಣ್ಣೀರಿನಲ್ಲಿ ತೊಳೆಯಬೇಕು. ಉಸಿರು ಕಟ್ಟಿದವರನ್ನು ನಡೆಸದೆ, ಒರಗಿಸಿ ಕೂಡಿಸಿ, ಬೇಗನೆ ಆಸ್ಪತ್ರೆಗೆ ಸೇರಿಸಬೇಕು.

ಈಗ ನಮ್ಮ ಮನೆಯಲ್ಲಿ ಆ ಡಬ್ಬಿಯೂ ಆ ಸೀಸೆಯೂ ಒಂದೇ ಗೂಡಿನಲ್ಲಿಲ್ಲ. ನಿಮ್ಮಲ್ಲಿ ಹೇಗಿದೆಯೋ, ಇಂದೇ ಒಮ್ಮೆ ನೋಡಿರಿ.