ಟೋಪಿ ಇಲ್ಲದ ತಲೆ, ಬೆಲ್ಟ್ ಇಲ್ಲದ ನಡ!

ಬೆಳಗಾವಿ: ಬೆಳಿಗ್ಗೆ ಖಾನಾಪುರದಿಂದ ಬೆಳಗಾವಿಗೆ ಬರುವ ಬಸ್ಸು ಹತ್ತಿದವರಿಗೆ ಇವರ ಪರಿಚಯ ಉಂಟು. ಕೈಯಲ್ಲಿ ಬುತ್ತಿ, ಚೀಲದಲ್ಲಿ ಕರಣಿ, ಕಾಲಲ್ಲಿ ಸವೆದ ಚಪ್ಪಲಿ. ಗವಂಡಿಗಳು, ಸೆಂಟ್ರಿಂಗ್ ಕೆಲಸದವರು, ಬುಟ್ಟಿ ಹೊರುವ ಹೆಣ್ಣುಮಕ್ಕಳು. ಸಂಜೆ ತಿರುಗಿ ಹೋಗುವ ಬಸ್ಸಿಗೆ ಇವರೆಲ್ಲರೂ ಹತ್ತುತ್ತಾರೆಯೇ? ಪ್ರಶ್ನೆ ಇರುವುದೇ ಅಲ್ಲಿ.

ಪಕ್ಕದ ಧಾರವಾಡದ ಗಾಯ ಇನ್ನೂ ಮಾಸಿಲ್ಲ. 2019ರ ಮಾರ್ಚ್ 19ರಂದು ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಜನ ಸತ್ತರು. ಅಂಥದು ಬಿದ್ದರೆ ಊರೆಲ್ಲ ಓಡಿ ಬರುತ್ತದೆ. ಎರಡನೇ ಅಂತಸ್ತಿನಿಂದ ಒಬ್ಬನೇ ಕಾಲು ಜಾರಿ ಬಿದ್ದರೆ ಕೇಳುವವರು ಯಾರು?

ಸರಕಾರ ಕೈಕಟ್ಟಿ ಕೂತಿಲ್ಲ, ಖರೆ. ಕಟ್ಟಡ ಕಾರ್ಮಿಕರಿಗೆಂದೇ ಕಾಯ್ದೆ ಬಂದದ್ದು 1996ರಲ್ಲಿ. ರಾಜ್ಯದ ನಿಯಮಗಳು ಬಂದದ್ದು 2006ರಲ್ಲಿ, ಕಲ್ಯಾಣ ಮಂಡಳಿ 2007ರಲ್ಲಿ. ದಿಲ್ಲಿಯಿಂದ ಇಲ್ಲಿಗೆ ಬರಲು ಕಾಯ್ದೆಗೆ ಹತ್ತು ವರ್ಷ ಬೇಕಾಯಿತು! ಆ ಹಳೆ ಕಾಯ್ದೆಯ ಜಾಗಕ್ಕೆ 2020ರಲ್ಲಿ ಪಾಸಾದ ಹೊಸ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ.

ದೊಡ್ಡ ಕಟ್ಟಡಗಳ ವೆಚ್ಚದ ಮೇಲೆ ಶೇಕಡಾ 1ರಷ್ಟು ಸೆಸ್ಸು ಮಂಡಳಿಗೆ ಹೋಗುತ್ತದೆ. 18ರಿಂದ 60 ವರ್ಷದೊಳಗಿನವರು, ವರ್ಷದಲ್ಲಿ 90 ದಿವಸ ದುಡಿದಿದ್ದರೆ ಹೆಸರು ಬರೆಸಬಹುದು. ಅಪಘಾತವಾದರೆ ಪರಿಹಾರ, ಮಕ್ಕಳ ಓದಿಗೆ ನೆರವು.

ಒಳ್ಳೆಯದೇ. ಆದರೆ ಪರಿಹಾರ ಬರುವುದು ಬಿದ್ದ ಮೇಲೆ. ಬೀಳದ ಹಾಗೆ ನೋಡುವವರು ಯಾರು?

ಕಾನೂನಿನ ಸಂದಿ ಇರುವುದು ಇಲ್ಲೇ. ಸುರಕ್ಷತೆಯ ಕಾನೂನು ಹಿಡಿಯುವುದು 10 ಅಥವಾ ಹೆಚ್ಚು ಕೆಲಸಗಾರರು ಇರುವ ಕಡೆ. ಅಂಗಡಿ ಮೇಲೊಂದು ಅಂತಸ್ತು ಏರಿಸಲು ಬರುವವರು ಐದಾರು ಮಂದಿ. ಅವರು ಈ ಲೆಕ್ಕದಲ್ಲೇ ಇಲ್ಲ!

ಅಂಗಡಿ ಮಾಲಕರೇ, ಅಲ್ಲಿ ನೀವೇ ಸರಕಾರ. ಗುತ್ತಿಗೆ ಕೊಡುವಾಗ ಸಿಮೆಂಟಿನ ದರ ಕೇಳುತ್ತೀರಿ, ಕಬ್ಬಿಣದ ದರ ಕೇಳುತ್ತೀರಿ. ತಲೆಗೆ ಹೆಲ್ಮೆಟ್ ಉಂಟೋ, ನಡಕ್ಕೆ ಬೆಲ್ಟ್ ಉಂಟೋ, ಸ್ಲ್ಯಾಬಿನ ಅಂಚಿಗೆ ಅಡ್ಡ ಕಟ್ಟುತ್ತಾರೋ ಇಲ್ಲೋ, ಅದನ್ನೂ ಕೇಳ್ರಿ. ಸೆಂಟ್ರಿಂಗ್ ಬಿಚ್ಚಲು ಅವಸರ ಮಾಡಬ್ಯಾಡ್ರಿ. ನಿಮ್ಮಲ್ಲಿ ದುಡಿದವರು ಮಂಡಳಿಯ ದಾಖಲೆಗೆ ಸಹಿ ಕೇಳಿದರೆ ಹಾಕಿ ಕೊಡ್ರಿ. ಸಹಿಗೆ ಖರ್ಚೇನೂ ಇಲ್ಲ.

ಸಂಜೆ ಖಾನಾಪುರದ ಬಸ್ಸಿನಲ್ಲಿ ಸೀಟಿಗೆ ಜಗಳ ಆಗಲಿ, ಅಡ್ಡಿಯಿಲ್ಲ. ಬೆಳಿಗ್ಗೆ ಬಂದವರೆಲ್ಲ ಅದರಲ್ಲಿ ಇರಬೇಕು, ಅಷ್ಟೇ.